ಕಾಲಿನಿಂದ ಕಂಚಿಗೆ: ಪ್ಯಾರಿಸಿನ ಕೆನ್ನಿ ಕ್ಲಾರ್ಕ್



ಈ ದತ್ತಿಯ ಉಪನ್ಯಾಸ ಲಯವಾದ್ಯಕ್ಕೆ ಸಂಬಂಧಿಸಿರಬೇಕು ಎಂಬುದೊಂದೇ ನಿಯಮ. ಯಾವ ನಾಡಿನ ಲಯವಾದ್ಯ ಎಂಬ ಕಟ್ಟುಪಾಡಿಲ್ಲ. ಮೃದಂಗ, ಖಂಜಿರ, ತಬಲಾಗಳ ವಿಚಾರವನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರೆದುರು ಆ ಸಾಹಸ ಬೇಡವೆಂದು ನಾನು ಸಮುದ್ರ ದಾಟುತ್ತಿದ್ದೇನೆ. ಇವತ್ತಿನ ನನ್ನ ವಿಷಯ ಪ್ಯಾರಿಸಿನ ಜಾಝ್ ಡ್ರಮ್ಮರ್ ಕೆನ್ನಿ ಕ್ಲಾರ್ಕ್.

‘ಪ್ಯಾರಿಸಿನ’ ಎಂದೆ, ತಕರಾರು ಅಲ್ಲಿಂದಲೇ ಶುರು. ಕ್ಲಾರ್ಕ್ ಹುಟ್ಟಿದ್ದು 1914ರ ಜನವರಿ 9ರಂದು, ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ. ಜಾಝ್ ಚರಿತ್ರೆಯ ಪುಸ್ತಕಗಳು ಅವರನ್ನು 1940ರ ದಶಕದ ನ್ಯೂಯಾರ್ಕಿನ ಅಧ್ಯಾಯದಲ್ಲಿ ಕೂರಿಸುತ್ತವೆ. ಬೀಬಾಪ್ ಎಂಬ ಹೊಸ ಶೈಲಿಯ ಡ್ರಮ್ ವಾದನಕ್ಕೆ ದಾರಿ ಹಾಕಿದವರು ಎಂದು ಹೊಗಳುತ್ತವೆ. ಆಮೇಲೆ ‘ಯೂರೋಪಿಗೆ ಹೋಗಿ ನೆಲೆಸಿದರು’ ಎಂಬ ಒಂದು ವಾಕ್ಯ ಬರೆದು ಮುಂದಿನವರ ಕಡೆ ತಿರುಗುತ್ತವೆ. ಆ ಒಂದು ವಾಕ್ಯದೊಳಗೆ ಇಪ್ಪತ್ತೆಂಟು ವರ್ಷಗಳಿವೆ. 1956ರಲ್ಲಿ ಪ್ಯಾರಿಸಿಗೆ ಬಂದವರು 1985ರ ಜನವರಿ 26ರಂದು, ಪ್ಯಾರಿಸಿಗೆ ಅಂಟಿಕೊಂಡ ಮೋಂತ್ರೆಯ್ ಪಟ್ಟಣದಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಅಮೆರಿಕದಲ್ಲಿ ವೃತ್ತಿ ಮಾಡಿದ್ದಕ್ಕಿಂತ ಹೆಚ್ಚು ಕಾಲ ಫ್ರಾನ್ಸಿನಲ್ಲಿ ಮಾಡಿದರು. ನನ್ನ ವಾದ ಇಷ್ಟೆ: ಅವರು ನ್ಯೂಯಾರ್ಕಿನಲ್ಲಿ ಡ್ರಮ್ಮಿಗೆ ಮಾಡಿದ್ದೇನು ಎಂಬುದನ್ನು ಸರಿಯಾಗಿ ತಿಳಿದುಕೊಂಡರೆ, ಪ್ಯಾರಿಸಿನಲ್ಲಿ ಬದುಕಿದ ರೀತಿ ಅದರ ಮುಂದುವರಿಕೆಯಾಗಿ ಕಾಣುತ್ತದೆ. ಹೊಸ ಲಯ ಕಟ್ಟಿದ ಮನುಷ್ಯ ಕೊನೆಯವರೆಗೂ ಪಕ್ಕವಾದ್ಯದವರಾಗಿಯೇ ಉಳಿದರು, ಬೇಕೆಂದೇ ಉಳಿದರು.

ಡ್ರಮ್ ಸೆಟ್ಟಿನ ಬಗ್ಗೆ ಎರಡು ಮಾತು ಮೊದಲೇ ಆಡಿಬಿಡುತ್ತೇನೆ. ನೆಲದ ಮೇಲೆ ಅಡ್ಡಲಾಗಿ ನಿಲ್ಲಿಸಿದ ದೊಡ್ಡದು ಬಾಸ್ ಡ್ರಮ್. ಅದನ್ನು ಬಲಗಾಲಿನ ಪೆಡಲಿನಿಂದ ಬಾರಿಸುತ್ತಾರೆ. ಎರಡು ತೊಡೆಗಳ ನಡುವೆ ಸ್ನೇರ್. ಎಡಗಾಲಿನ ಕೆಳಗೆ ಹೈ-ಹ್ಯಾಟ್, ಎಂದರೆ ಒಂದರ ಮೇಲೊಂದು ಕವುಚಿದ ಜೋಡಿ ತಾಳ. ಬಲಗೈಯ ಬದಿಗೆ ತೂಗುಹಾಕಿದ ಅಗಲವಾದ ಕಂಚಿನ ತಟ್ಟೆ, ರೈಡ್ ಸಿಂಬಲ್. ನಮ್ಮ ಮೃದಂಗದವರು ಎರಡು ಕೈಗಳ ಹತ್ತು ಬೆರಳುಗಳಲ್ಲಿ ಮಾಡುವುದನ್ನು ಇವರು ನಾಲ್ಕು ಅಂಗಗಳಿಗೆ ಹಂಚುತ್ತಾರೆ. ಯಾವ ಅಂಗಕ್ಕೆ ಯಾವ ಕೆಲಸ ಎನ್ನುವುದು ಸುಮಾರು 1940ರವರೆಗೆ ಹೆಚ್ಚುಕಡಿಮೆ ನಿಶ್ಚಿತವಾಗಿತ್ತು. ಬಲಗಾಲು ಬಾಸ್ ಡ್ರಮ್ಮಿನ ಮೇಲೆ ಆವರ್ತನಕ್ಕೆ ನಾಲ್ಕು ಪೆಟ್ಟು ಬಿಡದೆ ಹಾಕಬೇಕು. ಅದರ ಮೇಲೆ ಕುಣಿಯುವವರ ಹೆಜ್ಜೆ, ಅದರ ಮೇಲೆ ಹದಿನೈದು ಜನರ ಬ್ಯಾಂಡು. ಕೌಂಟ್ ಬೇಸಿಯ ಬ್ಯಾಂಡಿನಲ್ಲಿ ಜೋ ಜೋನ್ಸ್ ಲಯದ ಭಾರವನ್ನು ಆಗಲೇ ಹೈ-ಹ್ಯಾಟಿಗೆ ಸಾಗಿಸಿ ಹಗುರ ಮಾಡಿದ್ದರು. ಈ ಮಾತು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ಆದರೂ ಕಾಲು ಕಾಲಿನ ಕೆಲಸ ಮಾಡುತ್ತಲೇ ಇತ್ತು.

ಕ್ಲಾರ್ಕ್ ಅವರ ಬಾಲ್ಯದ ಕಥೆಯನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಅವರೂ ಅದನ್ನು ದೊಡ್ಡದು ಮಾಡಿದವರಲ್ಲ. ತಾಯಿ ಪಿಯಾನೊ ಬಾರಿಸುತ್ತಿದ್ದರು. ಹುಡುಗ ಚಿಕ್ಕವನಿರುವಾಗಲೇ ತೀರಿಕೊಂಡರು. ತಂದೆ ಮನೆ ಬಿಟ್ಟು ಹೋಗಿದ್ದರು. ಹುಡುಗ ಬೆಳೆದದ್ದು ಕಪ್ಪು ಜನಾಂಗದ ಗಂಡುಮಕ್ಕಳ ಅನಾಥಾಲಯದಲ್ಲಿ. ಅಲ್ಲಿನ ಬ್ಯಾಂಡಿನಲ್ಲಿ ಹಲವು ವಾದ್ಯಗಳನ್ನು ಕೈಗೆ ತೆಗೆದುಕೊಂಡು ಬಿಟ್ಟು, ಕೊನೆಗೆ ಸ್ನೇರ್ ಡ್ರಮ್ಮಿನ ಹತ್ತಿರ ನಿಂತ. ಹದಿಹರೆಯದಲ್ಲಿ ಊರಿನ ಬ್ಯಾಂಡುಗಳಲ್ಲಿ ದುಡಿಮೆ, ಆಮೇಲೆ ಸೇಂಟ್ ಲೂಯಿಸ್, 1935ರ ಸುಮಾರಿಗೆ ನ್ಯೂಯಾರ್ಕ್. ಎಡ್ಗರ್ ಹೇಯ್ಸ್ ಅವರ ಬ್ಯಾಂಡಿನ ಜತೆ ಸ್ಕ್ಯಾಂಡಿನೇವಿಯಾಕ್ಕೆ ಹೋದಾಗ 1938ರ ಮಾರ್ಚಿನಲ್ಲಿ ಸ್ಟಾಕ್‌ಹೋಮಿನಲ್ಲಿ ತಮ್ಮದೇ ಹೆಸರಿನಲ್ಲಿ ಮೊದಲ ಧ್ವನಿಮುದ್ರಣ ಮಾಡಿದರು. ಎಂದರೆ ನಾಯಕರಾಗಿ ಅವರ ಹೆಸರು ಮೊದಲು ಅಚ್ಚಾದದ್ದೇ ಯೂರೋಪಿನ ಗ್ರಾಮಫೋನ್ ತಟ್ಟೆಯ ಮೇಲೆ.

ಇನ್ನು ಮುಖ್ಯ ಸಂಗತಿ. 1939–40ರಲ್ಲಿ ಅವರು ಟೆಡ್ಡಿ ಹಿಲ್ ಅವರ ಬ್ಯಾಂಡಿನಲ್ಲಿದ್ದರು. ಆ ಬ್ಯಾಂಡಿನಲ್ಲಿ ಕೆಲವು ತುಣುಕುಗಳ ಕಾಲಪ್ರಮಾಣ ವಿಪರೀತ. ಅಷ್ಟು ದ್ರುತದಲ್ಲಿ ಆವರ್ತನಕ್ಕೆ ನಾಲ್ಕರಂತೆ ಕಾಲಿನಿಂದ ಬಾರಿಸುತ್ತಾ ಹೋದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಕ್ಲಾರ್ಕ್ ಏನು ಮಾಡಿದರೆಂದರೆ, ಲಯ ಹಿಡಿಯುವ ಕೆಲಸವನ್ನು ಕಾಲಿನಿಂದ ಕಿತ್ತು ಬಲಗೈಗೆ, ರೈಡ್ ಸಿಂಬಲ್ಲಿಗೆ ಕೊಟ್ಟುಬಿಟ್ಟರು. ಡಿಂಗ್, ಡಿಂಗ್-ಗ-ಡಿಂಗ್, ಡಿಂಗ್-ಗ-ಡಿಂಗ್. ಕಂಚಿನ ನಾದ ಒಂದರೊಳಗೊಂದು ಬೆರೆಯುತ್ತದೆ. ಪೆಟ್ಟುಗಳು ಬಿಡಿಬಿಡಿಯಾಗಿ ನೆಲಕ್ಕೆ ಬೀಳುವುದಿಲ್ಲ. ಹೀಗೆ ಮೇಲೆ ಲಯ ಹರಿಯತೊಡಗಿದಾಗ ಕೆಳಗೆ ಕಾಲಿಗೆ ಬಿಡುವಾಯಿತು. ಎಡಗೈಗೂ ಬಿಡುವಾಯಿತು. ಈಗ ಅವೆರಡೂ ಬೇಕಾದಾಗ ಮಾತ್ರ ಮಾತಾಡಬಹುದು: ತುತ್ತೂರಿಯವರು ಒಂದು ಸಾಲು ಮುಗಿಸಿ ಉಸಿರೆಳೆದುಕೊಳ್ಳುವಾಗ ಸ್ನೇರಿನಲ್ಲಿ ಒಂದು ಉತ್ತರ, ಯಾರೂ ನಿರೀಕ್ಷಿಸದ ಜಾಗದಲ್ಲಿ ಬಾಸ್ ಡ್ರಮ್ಮಿನ ಒಂದು ಗುದ್ದು. ಯುದ್ಧದ ವರ್ಷಗಳಾದ್ದರಿಂದ ಸಂಗೀತಗಾರರು ಆ ಗುದ್ದಿಗೆ ‘ಬಾಂಬು’ ಎಂದೇ ಹೆಸರಿಟ್ಟರು. ಸ್ನೇರಿನ ಅಂಚಿನ ಪೆಟ್ಟು ಮತ್ತು ಅದರ ಬೆನ್ನಿಗೇ ಬೀಳುವ ಕಾಲಿನ ಗುದ್ದು, ಎರಡೂ ಸೇರಿ ‘ಕ್ಲುಕ್-ಮಾಪ್’ ಎಂದು ಕೇಳಿಸುತ್ತಿತ್ತಂತೆ. ಅದರಿಂದಲೇ ಕ್ಲಾರ್ಕ್ ಜೀವನಪರ್ಯಂತ ಗೆಳೆಯರಿಗೆ ‘ಕ್ಲುಕ್’ ಆದರು.

ನಮ್ಮಲ್ಲಿ ಇದು ದೊಡ್ಡ ವಿಷಯವೇ ಎಂದು ಮೃದಂಗದವರು ಕೇಳಬಹುದು. ತಾಳ ಹಾಕುವ ಕೈ ಬೇರೆ, ಹಾಡಿನ ಸಾಹಿತ್ಯಕ್ಕೂ ಸಂಗತಿಗೂ ಹೊಂದಿಕೊಂಡು ನುಡಿಸುವ ಕೈ ಬೇರೆ ಎಂಬುದು ಕರ್ನಾಟಕ ಸಂಗೀತದಲ್ಲಿ ತಲೆಮಾರುಗಳಿಂದ ಬಂದ ಏರ್ಪಾಡು. ಪಲ್ಲವಿಯ ಎಡುಪ್ಪಿನವರೆಗೆ ಕಾದು, ಗಾಯಕರ ಜತೆ ಬಂದು ಸೇರುವ ಸುಖ ಯಾವುದೆಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ಕುಣಿತಕ್ಕೆಂದು ನುಡಿಸುತ್ತಿದ್ದ ಬ್ಯಾಂಡಿನಲ್ಲಿ ತಾಳ ಹಾಕುವವನೂ ಅವನೇ, ಸಂಭಾಷಣೆ ನಡೆಸಬೇಕಾದವನೂ ಅವನೇ. ಒಂದೇ ಶರೀರದಲ್ಲಿ ಆ ಎರಡು ಪಾತ್ರಗಳನ್ನು ಬೇರ್ಪಡಿಸಿದ್ದು ಕ್ಲಾರ್ಕ್. ಅವರಿಗಿಂತ ಹತ್ತು ವರ್ಷ ಚಿಕ್ಕವರಾದ ಮ್ಯಾಕ್ಸ್ ರೋಚ್, ಆಮೇಲೆ ಆರ್ಟ್ ಬ್ಲೇಕಿ, ಈ ಬಿಡುವನ್ನು ಹಿಡಿದು ಎಲ್ಲಿಯವರೆಗೋ ಹೋದರು.

ಟೆಡ್ಡಿ ಹಿಲ್ ಅವರಿಗೆ ಅವತ್ತು ಇದು ಹಿಡಿಸಲಿಲ್ಲ. ಲಯ ಮುರಿಯುತ್ತಾನೆ, ಕುಣಿಯುವವರಿಗೆ ಹೆಜ್ಜೆ ಸಿಗುವುದಿಲ್ಲ ಎಂಬ ದೂರು ಬಂದು ಕ್ಲಾರ್ಕ್ ಅವರನ್ನು ಕೆಲಸದಿಂದ ತೆಗೆದರು. ಮುಂದಿನದು ಕೇಳಿ. 1940ರಲ್ಲಿ ಹಿಲ್ ಬ್ಯಾಂಡನ್ನು ಮುಚ್ಚಿ, ಹಾರ್ಲೆಮಿನ 118ನೆಯ ಬೀದಿಯ ‘ಮಿಂಟನ್ಸ್ ಪ್ಲೇಹೌಸ್’ ಎಂಬ ಕ್ಲಬ್ಬಿನ ವ್ಯವಸ್ಥಾಪಕರಾದರು. ಅಲ್ಲಿನ ಖಾಯಂ ತಂಡ ಕಟ್ಟಲು ಅವರು ಕರೆಸಿದ್ದು ತಾವೇ ತೆಗೆದುಹಾಕಿದ್ದ ಕ್ಲಾರ್ಕ್ ಅವರನ್ನು! ಅಲ್ಲಿ ಕುಣಿಯುವವರ ಕಾಟವಿರಲಿಲ್ಲ ಎನ್ನುವುದೂ ಒಂದು ಕಾರಣವಿರಬಹುದು.

ಮಿಂಟನ್ಸ್ ಒಂದು ಹೋಟೆಲಿನ ಊಟದ ಕೋಣೆಯಾಗಿದ್ದ ಜಾಗ. ಯಜಮಾನ ಹೆನ್ರಿ ಮಿಂಟನ್ ಸ್ವತಃ ಸ್ಯಾಕ್ಸೊಫೋನ್ ವಾದಕರು, ಸಂಗೀತಗಾರರ ಸಂಘದಲ್ಲಿ ಪ್ರತಿನಿಧಿಯಾಗಿದ್ದವರು. ಸೋಮವಾರ ರಾತ್ರಿ ಅಪೊಲೊ ರಂಗಮಂದಿರದ ಕಲಾವಿದರಿಗೆ ಅಲ್ಲಿ ಊಟ ಉಚಿತ. ಊಟ ಸಿಕ್ಕಲ್ಲಿ ಸಂಗೀತಗಾರರು ಸೇರುತ್ತಾರೆ. ಸೇರಿದ ಮೇಲೆ ವಾದ್ಯ ಹೊರಗೆ ಬರುತ್ತದೆ. ಪಿಯಾನೊಕ್ಕೆ ಕ್ಲಾರ್ಕ್ ತಂದು ಕೂರಿಸಿದ್ದು ಥೆಲೋನಿಯಸ್ ಮಂಕ್ ಎಂಬ, ಆಗಿನ್ನೂ ಹೆಚ್ಚು ಜನರಿಗೆ ಗೊತ್ತಿಲ್ಲದ ಯುವಕನನ್ನು. ಟ್ರಂಪೆಟ್ ಜೋ ಗೈ, ಬಾಸ್ ಎಂಬ ಮಂದ್ರದ ತಂತಿವಾದ್ಯಕ್ಕೆ ನಿಕ್ ಫೆಂಟನ್. ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ ಬರುತ್ತಿದ್ದರು. ಬೆನ್ನಿ ಗುಡ್‌ಮನ್ ಅವರ ತಂಡದ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ತಮ್ಮ ಕೆಲಸ ಮುಗಿಸಿಕೊಂಡು ಇಲ್ಲಿಗೆ ಬಂದು ಕೂರುತ್ತಿದ್ದರು. 1941ರ ಮೇ ತಿಂಗಳಲ್ಲಿ ಜೆರ್ರಿ ನ್ಯೂಮನ್ ಎಂಬ ವಿದ್ಯಾರ್ಥಿ ತನ್ನ ಯಂತ್ರ ಹೊತ್ತು ತಂದು ಮುದ್ರಿಸಿಕೊಂಡದ್ದರಿಂದ ಆ ರಾತ್ರಿಗಳಲ್ಲಿ ಕೆಲವು ನಮಗೆ ದಕ್ಕಿವೆ. ಆ ಮುದ್ರಣ ಒರಟು. ಆದರೂ ಕ್ರಿಶ್ಚಿಯನ್ ಒಂದರ ಹಿಂದೊಂದು ಆವರ್ತ ಬಿಚ್ಚುತ್ತಾ ಹೋದಂತೆ ಹಿಂದಿನಿಂದ ಸ್ನೇರ್ ಚುಚ್ಚುವುದು, ಬಾಸ್ ಡ್ರಮ್ ತಡೆಯುವುದು ಕೇಳಿಸುತ್ತದೆ. ಕ್ರಿಶ್ಚಿಯನ್ ಮುಂದಿನ ವರ್ಷವೇ, ಇಪ್ಪತ್ತೈದು ವಯಸ್ಸಿಗೆ, ಕ್ಷಯದಿಂದ ಹೋಗಿಬಿಟ್ಟರು.

ಆ ಕಾಲದ ರಚನೆಗಳಲ್ಲಿ ಎರಡರ ಮೇಲೆ ಕ್ಲಾರ್ಕ್ ಹೆಸರಿದೆ: ಮಂಕ್ ಜತೆ ‘ಎಪಿಸ್ಟ್ರಫಿ’, ಗಿಲೆಸ್ಪಿ ಜತೆ ‘ಸಾಲ್ಟ್ ಪೀನಟ್ಸ್’. ಮೂರನೆಯದೊಂದರ ಕಥೆ ತಮಾಷೆಯಾಗಿದೆ. 1946ರಲ್ಲಿ ನ್ಯೂಯಾರ್ಕಿನಲ್ಲಿ ‘ರಾಯಲ್ ರೂಸ್ಟ್’ ಎಂಬ ಹೆಸರಿನಲ್ಲಿ ಅವರು ಮುದ್ರಿಸಿದ ಒಂದು ಧಾಟಿಯೇ ಪ್ಯಾರಿಸಿನಲ್ಲಿ ‘ರ‍್ಯೂ ಶಾಪ್ತಾಲ್’ ಆಯಿತು. ಪ್ಯಾರಿಸಿನ ಜಾಝ್ ಪ್ರೇಮಿಗಳ ಹಾಟ್ ಕ್ಲಬ್ ಇದ್ದ ಬೀದಿಯ ಹೆಸರದು. 1956ರಲ್ಲಿ ಸ್ಯಾಕ್ಸೊಫೋನ್ ವಾದಕರಾದ ಸಾನಿ ರಾಲಿನ್ಸ್ ಮತ್ತು ಜಾನ್ ಕೋಲ್ಟ್ರೇನ್ ಕೂಡಿ ನುಡಿಸಿದ ‘ಟೆನರ್ ಮ್ಯಾಡ್‌ನೆಸ್’ ಕೂಡ ಅದೇ ಧಾಟಿ. ಜಗತ್ತು ಅದನ್ನು ಈ ಮೂರನೆಯ ಹೆಸರಿನಿಂದ, ರಾಲಿನ್ಸ್ ಅವರದೆಂದೇ ಗುರುತಿಸುತ್ತದೆ. ಡ್ರಮ್ಮರುಗಳು ರಾಗ ಕಟ್ಟುತ್ತಾರೆ ಎಂದರೆ ಜನ ಎಲ್ಲ ದೇಶದಲ್ಲೂ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ.

1943ರಲ್ಲಿ ಸೈನ್ಯದ ಕರೆ ಬಂತು; ಯುದ್ಧದ ಯೂರೋಪನ್ನು ಕಂಡರು. ಅಲ್ಲಿ ಪರಿಚಯವಾದ ಜಾನ್ ಲೂಯಿಸ್ ಎಂಬ ಪಿಯಾನೊ ವಾದಕರನ್ನು, ಯುದ್ಧ ಮುಗಿಸಿ ಬಂದ ಮೇಲೆ ಗಿಲೆಸ್ಪಿಯವರ ದೊಡ್ಡ ಬ್ಯಾಂಡಿಗೆ ಕರೆತಂದರು. ಅದೇ ಹೊತ್ತಿಗೆ ಇಸ್ಲಾಂ ಸ್ವೀಕರಿಸಿ ಲಿಯಾಖತ್ ಅಲಿ ಸಲಾಂ ಎಂಬ ಹೆಸರು ಪಡೆದರು. ಆ ತಲೆಮಾರಿನ ಹಲವು ಕಪ್ಪು ಸಂಗೀತಗಾರರು ಈ ದಾರಿ ಹಿಡಿದರು. ನಂಬಿಕೆಯ ಮಾತು ಅವರವರದು. ಆದರೆ ಅದಕ್ಕೆ ಇನ್ನೊಂದು ಮಗ್ಗುಲೂ ಇತ್ತು. ಮುಸ್ಲಿಂ ಹೆಸರಿದ್ದರೆ ನ್ಯೂಯಾರ್ಕಿನ ಪೊಲೀಸರು ಕೊಡುವ ಕಲಾವಿದರ ಗುರುತಿನ ಚೀಟಿಯಲ್ಲಿ ಬಣ್ಣದ ಅಂಕಣದಲ್ಲಿ ‘ಬಿಳಿಯ’ ಎಂದು ಬರೆಸಿಕೊಳ್ಳಲು ಸಾಧ್ಯವಾಗುತ್ತಿತ್ತು. ಕ್ಲಾರ್ಕ್ ಅಂಥ ಚೀಟಿಯೊಂದನ್ನು ತೋರಿಸಿ ನಕ್ಕದ್ದನ್ನು ಗಿಲೆಸ್ಪಿ ಆತ್ಮಕಥೆಯಲ್ಲಿ ನೆನೆದಿದ್ದಾರೆ. ನಗೆಯ ಹಿಂದೆ ಏನಿತ್ತು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಸಂಚಾರ ಹೋದರೆ ಹಿಂಬಾಗಿಲಿನಿಂದ ಊಟ, ಬೇರೆ ವಸತಿ. ವೇದಿಕೆಯ ಮೇಲೆ ಚಪ್ಪಾಳೆ, ಕೆಳಗಿಳಿದರೆ ಬೈಗುಳ.

ಗಿಲೆಸ್ಪಿಯವರ ಬ್ಯಾಂಡು 1948ರ ಫೆಬ್ರವರಿಯಲ್ಲಿ ಪ್ಯಾರಿಸಿನ ಸಾಲ್ ಪ್ಲೆಯೆಲ್ ಸಭಾಂಗಣದಲ್ಲಿ ನುಡಿಸಿತು. ಆಗ ಫ್ರಾನ್ಸಿನ ಜಾಝ್ ಪ್ರೇಮಿಗಳು ಎರಡು ಪಂಗಡವಾಗಿ ಒಡೆದಿದ್ದರು. ವಿಮರ್ಶಕ ಯೂಗ್ ಪನಾಸಿಯೆ ಬೀಬಾಪನ್ನು ಜಾಝ್ ಎಂದೇ ಒಪ್ಪುತ್ತಿರಲಿಲ್ಲ. ಶಾರ್ಲ್ ದೆಲೊನೆ ಅದರ ಪರ ನಿಂತರು, ಗಿಲೆಸ್ಪಿಯವರ ಪ್ಯಾರಿಸ್ ಕಛೇರಿಗಳ ಹಿಂದೆಯೂ ಇದ್ದರು. ಒಂದು ಸಂಗತಿ ಗಮನಿಸಿ. ಅಲ್ಲಿಯವರೆಗೆ ಫ್ರಾನ್ಸ್ ಜಗತ್ತಿಗೆ ಕೊಟ್ಟ ಅತ್ಯಂತ ಪ್ರಸಿದ್ಧ ಜಾಝ್ ತಂಡವೆಂದರೆ ಜಾಂಗೊ ರೈನ್‌ಹಾರ್ಟ್ ಮತ್ತು ಸ್ತೆಫಾನ್ ಗ್ರಾಪೆಲಿ ಅವರ ಹಾಟ್ ಕ್ಲಬ್ ಪಂಚವಾದ್ಯ. ಅದರಲ್ಲಿ ಡ್ರಮ್ಮೇ ಇರಲಿಲ್ಲ! ಎರಡು ಗಿಟಾರು, ಒಂದು ಬಾಸ್ ಸೇರಿ ಲಯ ಹೊರುತ್ತಿದ್ದವು. ಹಾಗೆ ಕೇಳಿ ಬೆಳೆದ ಊರಿಗೆ ಕ್ಲಾರ್ಕ್ ಬಂದಿಳಿದರು. ಬ್ಯಾಂಡು ಹಿಂದಿರುಗಿದ ಮೇಲೂ ಅವರು ಕೆಲವು ತಿಂಗಳು ಪ್ಯಾರಿಸಿನಲ್ಲೇ ನಿಂತರು. ನುಡಿಸಿದರು, ಕೇಳಿದವರಿಗೆ ಕಲಿಸಿದರು. ಮರುವರ್ಷ ಮೇ ತಿಂಗಳ ಪ್ಯಾರಿಸ್ ಜಾಝ್ ಉತ್ಸವಕ್ಕೆ ಪಿಯಾನೊ ವಾದಕ ಟ್ಯಾಡ್ ಡ್ಯಾಮರನ್ ಮತ್ತು ಇಪ್ಪತ್ತೆರಡರ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಬಂದಾಗ ಅವರ ಹಿಂದೆ ಡ್ರಮ್ಮಿನಲ್ಲಿದ್ದದ್ದು ಇವರೇ.

ನಂತರ ಅಮೆರಿಕಕ್ಕೆ ಮರಳಿ ಐದು ವರ್ಷ ಅವರು ಮಾಡಿದ ಕೆಲಸ ಇನ್ನೊಬ್ಬರ ಇಡೀ ಜೀವಮಾನಕ್ಕೆ ಸಾಕಾಗುವಷ್ಟಿದೆ. ಗಿಲೆಸ್ಪಿಯವರ ಬ್ಯಾಂಡಿನ ಊದುವಾದ್ಯದವರಿಗೆ ದಣಿವಾರಿಸಲು ನಡುವೆ ನಾಲ್ವರೇ ನುಡಿಸುತ್ತಿದ್ದರು. ಅದೇ ಬೀಜದಿಂದ ‘ಮಾಡರ್ನ್ ಜಾಝ್ ಕ್ವಾರ್ಟೆಟ್’ ಹುಟ್ಟಿತು. ಜಾನ್ ಲೂಯಿಸ್ ಪಿಯಾನೊ, ಮಿಲ್ಟ್ ಜಾಕ್ಸನ್ ವೈಬ್ರಾಫೋನ್, ಪರ್ಸಿ ಹೀತ್ ಬಾಸ್, ಕ್ಲಾರ್ಕ್ ಡ್ರಮ್. ಲೂಯಿಸ್ ಅವರ ಬಿಗಿಯಾದ, ಅಳೆದು ಹೊಲಿದ ರಚನೆಗಳಲ್ಲಿ ಕ್ಲಾರ್ಕ್ ಅವರಿಗೆ ಕೈ ಆಡಿಸಲು ಜಾಗ ಸಾಲದಾಯಿತು. 1955ರಲ್ಲಿ ಬಿಟ್ಟರು. ಕಾನಿ ಕೇ ಬಂದರು. ತಂಡ 1974ರವರೆಗೆ ಬಿಡದೆ ನಡೆದು ಹೆಸರನ್ನೂ ಹಣವನ್ನೂ ಗಳಿಸಿತು. ಅದು ಕ್ಲಾರ್ಕ್ ಕೈಬಿಟ್ಟ ಮೊದಲ ಖ್ಯಾತಿ. ಸವಾಯ್ ಎಂಬ ಕಂಪನಿಗೆ ಆ ದಿನಗಳಲ್ಲಿ ಅವರು ಖಾಯಂ ಡ್ರಮ್ಮರೂ ಹೌದು, ಹೊಸಬರನ್ನು ಹುಡುಕಿ ತರುವವರೂ ಹೌದು. ಫ್ಲಾರಿಡಾದಿಂದ ಬಂದ ಕ್ಯಾನನ್‌ಬಾಲ್ ಆ್ಯಡರ್ಲಿ ಎಂಬ ಶಾಲಾ ಮೇಷ್ಟರು 1955ರ ಜೂನಿನಲ್ಲಿ ಧ್ವನಿಮುದ್ರಣಕ್ಕೆ ಬಂದದ್ದು ಕ್ಲಾರ್ಕ್ ಹೆಸರಿನ ಒಂದು ತಟ್ಟೆಯ ಮೂಲಕ.

ಇಷ್ಟಾಗಿ 1956ರಲ್ಲಿ ಪ್ಯಾರಿಸಿನ ಜಾಕ್ ಎಲಿಯಾನ್ ಅವರ ವಾದ್ಯವೃಂದದಿಂದ ಕರೆ ಬಂದಾಗ ಗಂಟುಮೂಟೆ ಕಟ್ಟಿ ಹೊರಟೇಬಿಟ್ಟರು. ಅದೇನು ಕ್ರಾಂತಿಕಾರಿ ತಂಡವಲ್ಲ; ಜನಪ್ರಿಯ ಮನರಂಜನೆಯ ವೃಂದ. ಅಮೆರಿಕದ ವಿಮರ್ಶಕರಲ್ಲಿ ಹಲವರಿಗೆ ಇದು ಅರ್ಥವಾಗಲಿಲ್ಲ. ಹೊಸ ಜಾಝಿನ ಕೇಂದ್ರ ಬಿಟ್ಟು ಹೋದವರು ಮೊಂಡಾಗುತ್ತಾರೆ ಎಂಬ ನಂಬಿಕೆ ಆಗ ಬಲವಾಗಿತ್ತು, ಈಗಲೂ ಇದೆ. ಅದು ಪೂರ್ತಿ ಸುಳ್ಳೂ ಅಲ್ಲ. ಕ್ಲಾರ್ಕ್ 1960ರ ನಂತರ ಎಲ್ವಿನ್ ಜೋನ್ಸ್ ಅಥವಾ ಟೋನಿ ವಿಲಿಯಮ್ಸ್ ಅವರಂಥ ಡ್ರಮ್ಮರುಗಳು ಹೋದ ದಿಕ್ಕಿಗೆ ಹೋಗಲಿಲ್ಲ. ತಾವು ಕಂಡುಕೊಂಡದ್ದರಲ್ಲೇ ಇನ್ನಷ್ಟು ಒಳಗೆ ಇಳಿದರು. ಆದರೆ ಮೊಂಡಾದ ಕೈ ಎಂದು ಯಾರಾದರೂ ಹೇಳಿದರೆ ನಾನು ಅವರ ಕೈಗೆ 1957ರ ಡಿಸೆಂಬರಿನ ಒಂದು ಧ್ವನಿಮುದ್ರಣವನ್ನು ಕೊಡುತ್ತೇನೆ.

ಲೂಯಿ ಮಾಲ್ ಎಂಬ ಇಪ್ಪತ್ತೈದರ ನಿರ್ದೇಶಕ ತನ್ನ ಮೊದಲ ಕಥಾಚಿತ್ರ ಮುಗಿಸುತ್ತಿದ್ದ. ‘ಅಸಾನ್ಸರ್ ಪೂರ್ ಲೆಶಫೊ’ ಅದರ ಹೆಸರು. ‘ವಧಾಸ್ಥಾನಕ್ಕೆ ಲಿಫ್ಟ್’ ಎನ್ನಬಹುದು. ಯಜಮಾನನನ್ನು ಕೊಂದು ಬರುವಾಗ ಪ್ರಿಯಕರ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಅವನಿಗಾಗಿ ಕಾಯುವ ನಟಿ ಜಾನ್ ಮೊರೊ ರಾತ್ರಿಯ ಬೀದಿಗಳಲ್ಲಿ ಅಲೆಯುತ್ತಾಳೆ. ಮೈಲ್ಸ್ ಡೇವಿಸ್ ಆಗ ಯೂರೋಪಿನ ಪ್ರವಾಸದಲ್ಲಿದ್ದರು. ಡಿಸೆಂಬರ್ 4ರ ರಾತ್ರಿ ಪೋಸ್ತ್ ಪಾರಿಸಿಯನ್ ಸ್ಟುಡಿಯೋದಲ್ಲಿ ಐವರು ಸೇರಿದರು. ಟೆನರ್ ಸ್ಯಾಕ್ಸೊಫೋನಿನ ಬಾರ್ನಿ ವಿಲೆನ್‌ಗೆ ಇಪ್ಪತ್ತು ವರ್ಷ, ಪಿಯಾನೊದ ರೆನೆ ಉರ್ತ್ರೆಜೆಗೆ ಇಪ್ಪತ್ತಮೂರು, ಬಾಸಿನ ಪಿಯೆರ್ ಮಿಶೆಲೊಗೆ ಇಪ್ಪತ್ತೊಂಬತ್ತು. ಡೇವಿಸ್‌ಗೆ ಮೂವತ್ತೊಂದು. ನಲವತ್ತಮೂರರ ಕ್ಲಾರ್ಕ್ ಆ ಕೋಣೆಯ ಹಿರಿಯರು. ಬರೆದ ಸಂಗೀತವೆಂದರೆ ಕೆಲವೇ ಸ್ವರಮೇಳಗಳ ಸೂಚನೆ. ಪರದೆಯ ಮೇಲೆ ದೃಶ್ಯಗಳನ್ನು ಮತ್ತೆ ಮತ್ತೆ ಓಡಿಸಿದರು. ಇವರು ಅದನ್ನು ನೋಡುತ್ತಾ ನುಡಿಸಿದರು. ಬೆಳಗಿನ ಜಾವಕ್ಕೆ ಕೆಲಸ ಮುಗಿದಿತ್ತು.

ಜಗತ್ತು ಆ ತಟ್ಟೆಯನ್ನು ಡೇವಿಸ್ ಅವರ ಟ್ರಂಪೆಟ್ಟಿಗಾಗಿ ಕೇಳುತ್ತದೆ, ಕೇಳಲಿ. ನಾನು ನಿಮಗೆ ಹೇಳುವುದು ಅದರ ಕೆಳಗಿರುವುದನ್ನು. ಹುಡುಗ ಹುಡುಗಿ ಕದ್ದ ಕಾರಿನಲ್ಲಿ ಹೆದ್ದಾರಿಯಲ್ಲಿ ಓಡುವ ದೃಶ್ಯ: ‘ಸ್ಯೂರ್ ಲೋತೊರೂತ್’. ಕ್ಲಾರ್ಕ್ ಕೋಲು ಕೆಳಗಿಟ್ಟು ಬ್ರಷ್ ತೆಗೆದುಕೊಂಡಿದ್ದಾರೆ. ಬ್ರಷ್ ಎಂದರೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ತೆಳು ತಂತಿಗಳ ಗೊಂಚಲು. ಸಾಮಾನ್ಯವಾಗಿ ನಿಧಾನದ ಹಾಡಿಗೆ, ಚರ್ಮದ ಮೇಲೆ ಸವರುತ್ತಾ ನುಡಿಸಲು ಅದನ್ನು ಬಳಸುತ್ತಾರೆ. ಇವರು ಅದರಲ್ಲಿ ದ್ರುತಕಾಲ ಹಿಡಿಯುತ್ತಾರೆ. ಗದ್ದಲವಿಲ್ಲ, ಅಬ್ಬರವಿಲ್ಲ, ವೇಗ ಮಾತ್ರ ಇದೆ. ಒಂದು ಎಳೆಯೂ ಸಡಿಲವಾಗುವುದಿಲ್ಲ. ಮಿಶೆಲೊ ಅವರ ಬಾಸು ಆ ಬ್ರಷ್ಷಿಗೆ ಮೈ ತಾಗಿಸಿಕೊಂಡೇ ಓಡುತ್ತದೆ. ಇನ್ನೊಂದು ತುಣುಕಿನಲ್ಲಿ, ಕಟ್ಟಡದ ಕಾವಲುಗಾರ ಟಾರ್ಚ್ ಹಿಡಿದು ಬರುವಾಗ, ಟ್ರಂಪೆಟ್ ಇಲ್ಲ, ಪಿಯಾನೊ ಇಲ್ಲ. ಬಾಸು ಮತ್ತು ಡ್ರಮ್ಮು, ಅಷ್ಟೆ. ಕಥೆಯ ಉದ್ವೇಗವನ್ನೆಲ್ಲ ಪಕ್ಕವಾದ್ಯದ ಇಬ್ಬರೇ ಹೊತ್ತುಕೊಂಡಿದ್ದಾರೆ. ಆ ಇಬ್ಬರಲ್ಲಿ ಒಬ್ಬರು ಪ್ಯಾರಿಸಿನ ಆಸುಪಾಸಿನಲ್ಲೇ ಹುಟ್ಟಿದವರು, ಇನ್ನೊಬ್ಬರು ಬಂದು ವರ್ಷವೊಂದಾಗಿತ್ತು. ಯಾರು ಯಾವ ಊರಿನವರು ಎಂದು ಕೇಳಿ ಹೇಳಲು ಸಾಧ್ಯವಿಲ್ಲ.

ಮಿಶೆಲೊ–ಕ್ಲಾರ್ಕ್ ಜೋಡಿಗೆ 1959ರಲ್ಲಿ ಬಡ್ ಪವೆಲ್ ಸೇರಿದರು. ಬೀಬಾಪ್ ಪಿಯಾನೊದ ದೈತ್ಯ ಪ್ರತಿಭೆ ಅವರು. 1945ರಲ್ಲಿ ಪೊಲೀಸರ ಲಾಠಿ ತಲೆಗೆ ಬಿದ್ದ ಮೇಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಜರ್ಜರಿತರಾಗಿ ಪ್ಯಾರಿಸಿಗೆ ಬಂದಿದ್ದರು. ಮೂವರೂ ‘ಬ್ಲೂ ನೋಟ್’ ಕ್ಲಬ್ಬಿನಲ್ಲಿ ರಾತ್ರಿ ರಾತ್ರಿ ನುಡಿಸಿದರು. ‘ತ್ರೀ ಬಾಸಸ್’ ಎಂದು ತಂಡಕ್ಕೆ ಹೆಸರು: ಮೂವರು ಯಜಮಾನರು. ಪವೆಲ್ ಕೆಲವು ರಾತ್ರಿ ಮಿಂಚುತ್ತಿದ್ದರು, ಕೆಲವು ರಾತ್ರಿ ಕೈ ತೊದಲುತ್ತಿತ್ತು. ಅಂಥ ಕಲಾವಿದರ ಪಕ್ಕದಲ್ಲಿ ಕೂತು ಲಯ ಹಿಡಿಯುವುದು ಏನೆಂದು, ಹಿರಿಯ ವಿದ್ವಾಂಸರೊಬ್ಬರ ಕೊನೆಗಾಲದ ಕಛೇರಿಗಳಿಗೆ ಪಕ್ಕವಾದ್ಯ ನುಡಿಸಿದವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮುಖ್ಯರು ಎಡವಿದರೆ ಕೇಳುಗರಿಗೆ ಗೊತ್ತಾಗಬಾರದು. ಅವರು ಏರಿದರೆ ನಾವು ಅಡ್ಡ ಬರಬಾರದು. 1963ರ ಮೇ 23ರಂದು ಸ್ಯಾಕ್ಸೊಫೋನ್ ವಾದಕ ಡೆಕ್ಸ್‌ಟರ್ ಗಾರ್ಡನ್ ಪ್ಯಾರಿಸಿನ ಸ್ಟುಡಿಯೋ ಒಂದರಲ್ಲಿ ಮುದ್ರಿಸಿದ ‘ಅವರ್ ಮ್ಯಾನ್ ಇನ್ ಪ್ಯಾರಿಸ್’ನಲ್ಲಿ ಇವೇ ಮೂರು ಜನ ಇದ್ದಾರೆ. ಪವೆಲ್ ಹೊಸ ರಚನೆಗಳನ್ನು ಕಲಿಯಲು ಒಪ್ಪದಿದ್ದುದರಿಂದ ಎಲ್ಲರಿಗೂ ಗೊತ್ತಿದ್ದ ಹಳೆಯ ಹಾಡುಗಳನ್ನೇ ಎತ್ತಿಕೊಂಡರು. ಜಾಝ್ 1963ರಲ್ಲಿ ಎಲ್ಲೆಲ್ಲಿಗೋ ಹೋಗಿತ್ತು. ಇವರು ಇಪ್ಪತ್ತು ವರ್ಷ ಹಿಂದಿನ ಭಾಷೆಯಲ್ಲೇ ಮಾತಾಡಿದರು, ಆದರೆ ಆ ಭಾಷೆ ಇವರ ಮನೆಮಾತು. ಇವತ್ತಿಗೂ ಆ ತಟ್ಟೆ ಹಳಸಿಲ್ಲ. ಪವೆಲ್ ಬದುಕಿನ ಛಾಯೆಯಿರುವ ಬೆರ್ತ್ರಾನ್ ತವೆರ್ನಿಯೆ ಅವರ ‘ರೌಂಡ್ ಮಿಡ್‌ನೈಟ್’ ಸಿನಿಮಾ 1986ರಲ್ಲಿ ಬಂತು. ಗಾರ್ಡನ್ ಅದರ ನಾಯಕ. ಮಿಶೆಲೊ ಕೂಡ ಬಾಸ್ ಹಿಡಿದು ಅದರಲ್ಲಿ ಕಾಣಿಸಿಕೊಳ್ಳುತ್ತಾರೆ. ಕ್ಲಾರ್ಕ್ ಅದಕ್ಕೆ ಒಂದು ವರ್ಷ ಮುಂಚೆಯೇ ಹೋಗಿದ್ದರು.

ಕ್ಲಾರ್ಕ್ ಹೆಸರು ಹೊತ್ತ ದೊಡ್ಡ ಬ್ಯಾಂಡೂ ಒಂದಿತ್ತು. ಅದರ ಹುಟ್ಟು ಜರ್ಮನಿಯ ಕೊಲೋನಿನಲ್ಲಿ. ಜಿಜಿ ಕಾಂಪಿ ಎಂಬ ಇಟಲಿ ಮೂಲದ ಕೆಫೆ ಯಜಮಾನರಿಗೆ ಜಾಝಿನ ಹುಚ್ಚು. ಬೆಲ್ಜಿಯಮ್ಮಿನ ಪಿಯಾನೊ ವಾದಕ, ಸಂಯೋಜಕ ಫ್ರಾನ್ಸಿ ಬೊಲಾಂಡ್ ಮತ್ತು ಕ್ಲಾರ್ಕ್ ಇಬ್ಬರನ್ನೂ ಮುಂದಿಟ್ಟು 1961ರಲ್ಲಿ ಶುರುಮಾಡಿದ್ದು 1972ರವರೆಗೆ ನಡೆಯಿತು. ಯೂರೋಪಿನಲ್ಲಿ ನೆಲೆಸಿದ ಅಮೆರಿಕನ್ನರು, ಸ್ವೀಡನ್ನಿನ ಟ್ರಾಂಬೋನು, ಲಂಡನ್ನಿನ ರಾನಿ ಸ್ಕಾಟ್, ಹೀಗೆ ಹಲವು ದೇಶದವರು. ನನಗೆ ಮೆಚ್ಚುಗೆಯಾದ ಸಂಗತಿ ಬೇರೆ. 1967ರ ಸುಮಾರಿಗೆ ಕೆನ್ನಿ ಕ್ಲೇರ್ ಎಂಬ ಇಂಗ್ಲಿಷ್ ಡ್ರಮ್ಮರ್ ಒಮ್ಮೆ ಬದಲಿಯಾಗಿ ಬಂದವರು ಬ್ಯಾಂಡಿನಲ್ಲೇ ಉಳಿದರು. ಆಮೇಲೆ ಎರಡು ಡ್ರಮ್ ಸೆಟ್ಟು, ಎರಡು ಕೆನ್ನಿ! ತನ್ನ ಹೆಸರಿನ ಬ್ಯಾಂಡಿನಲ್ಲಿ ಪಕ್ಕದಲ್ಲಿ ಇನ್ನೊಬ್ಬ ಡ್ರಮ್ಮರನ್ನು ಕೂರಿಸಿಕೊಂಡು ಇಬ್ಬರೂ ಒಂದೇ ಕೈಯಂತೆ ನುಡಿಸುವುದು ಎಷ್ಟು ಜನರಿಗೆ ಸಾಧ್ಯ? ಡ್ರಮ್ಮರುಗಳ ಜಗತ್ತಿನಲ್ಲಿ ಇಬ್ಬರು ಸೇರಿದರೆ ಅದು ‘ಜಗಳ’ವಾಗಬೇಕು, ಜಾಹೀರಾತೂ ಹಾಗೇ ಇರುತ್ತಿತ್ತು. ಇವರು ಜಗಳವಾಡಲಿಲ್ಲ. ಕ್ಲಾರ್ಕ್ ಅವರಿಗೆ ತನಿಯ ಮೇಲೂ ಅಷ್ಟು ಆಸೆಯಿರಲಿಲ್ಲ. ಹತ್ತು ನಿಮಿಷದ ಡ್ರಮ್ ಸೋಲೊ ಸಭೆಯನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ ಕಾಲದಲ್ಲಿ ಅವರು ಎಂಟು ಆವರ್ತ ನುಡಿಸಿ ಸುಮ್ಮನಾಗುತ್ತಿದ್ದರು.

ಮೋಂತ್ರೆಯ್‌ನಲ್ಲಿ ಮನೆ ಮಾಡಿದರು. 1962ರಲ್ಲಿ ಡಚ್ ಮಹಿಳೆಯೊಬ್ಬರನ್ನು ಮದುವೆಯಾದರು. 1944ರಲ್ಲಿ ಗಾಯಕಿ ಕಾರ್ಮೆನ್ ಮೆಕ್‌ರೇ ಅವರೊಂದಿಗೆ ಆದ ಮೊದಲ ಮದುವೆ ಎಂದೋ ಮುರಿದಿತ್ತು. ಹಗಲು ಸ್ಟುಡಿಯೋ ಕೆಲಸ, ರಾತ್ರಿ ಕ್ಲಬ್ಬು. ಇದರ ನಡುವೆ 1960ರ ದಶಕದ ಮಧ್ಯದಲ್ಲಿ ದಾಂತೆ ಅಗೊಸ್ತಿನಿ ಎಂಬ ಇಟಲಿ ಮೂಲದ ಡ್ರಮ್ಮರ್ ಜತೆ ಸೇರಿ ಪ್ಯಾರಿಸಿನಲ್ಲಿ ಪಾಠಶಾಲೆ ತೆರೆದರು. ಕ್ಲಾರ್ಕ್ ಅವರದು ಕೈಯಲ್ಲಿದ್ದ ವಿದ್ಯೆ. ಅಗೊಸ್ತಿನಿಯವರದು ಅದನ್ನು ಪಾಠಗಳಾಗಿ ಬಿಡಿಸಿ, ಮೆಟ್ಟಿಲು ಮೆಟ್ಟಿಲಾಗಿ ಬರೆದಿಡುವ ಶಿಸ್ತು. ಜಾಝಿನಲ್ಲಿ ಡ್ರಮ್ ಕಲಿಯುವುದೆಂದರೆ ಅಲ್ಲಿಯವರೆಗೆ ಹಿರಿಯರ ಹಿಂದೆ ಕೂತು ಕದ್ದು ನೋಡುವುದು. ಈಗ ಪುಸ್ತಕ ಬಂತು, ಅಭ್ಯಾಸಕ್ರಮ ಬಂತು. ಅಗೊಸ್ತಿನಿ 1980ರಲ್ಲಿ ತೀರಿಕೊಂಡ ಮೇಲೂ ಅವರ ಹೆಸರಿನ ಶಾಲೆಗಳು ಫ್ರಾನ್ಸಿನ ಊರೂರುಗಳಲ್ಲಿ ನಡೆಯುತ್ತಾ ಬಂದಿವೆ. ಪುಸ್ತಕದಿಂದ ಸ್ವಿಂಗ್, ಎಂದರೆ ಜಾಝಿನ ಲಯದ ತೂಗಾಟ, ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಬರುವುದಿಲ್ಲ. ಆದರೆ ಕೈ ಬರುತ್ತದೆ, ಕೈ ಬಂದ ಮೇಲೆ ಕಿವಿ ಇದ್ದವರು ಮುಂದೆ ಹೋಗುತ್ತಾರೆ. ಹಾಟ್ ಕ್ಲಬ್ಬಿನ ಡ್ರಮ್ಮಿಲ್ಲದ ಪಂಚವಾದ್ಯದಿಂದ ಊರೂರಿನ ಡ್ರಮ್ ಶಾಲೆಗಳವರೆಗಿನ ಈ ದೂರದಲ್ಲಿ ಕ್ಲಾರ್ಕ್ ಅವರ ಪಾಲು ಎಷ್ಟೆಂದು ಅಳೆಯುವುದು ಕಷ್ಟ, ಸಣ್ಣದಂತೂ ಅಲ್ಲ.

ಅಮೆರಿಕ ಅವರನ್ನು ಮರೆತೇಬಿಡಲಿಲ್ಲ. 1983ರಲ್ಲಿ ಅಲ್ಲಿನ ಸರ್ಕಾರದ ಕಲಾನಿಧಿ ‘ಜಾಝ್ ಮಾಸ್ಟರ್’ ಗೌರವ ಕೊಟ್ಟಿತು. ಎರಡು ವರ್ಷದೊಳಗೆ ಹೃದಯಾಘಾತದಿಂದ ತೀರಿಕೊಂಡರು, ಎಪ್ಪತ್ತೊಂದು ವರ್ಷವಾಗಿತ್ತು.

ಮಾತು ಸಾಕು. ಈಗ ಎರಡು ಧ್ವನಿಮುದ್ರಣಗಳನ್ನು ಕೇಳಿಸುತ್ತೇವೆ. ಎರಡನೆಯದು ನಾನಾಗಲೇ ಹೇಳಿದ ಹೆದ್ದಾರಿಯ ತುಣುಕು. ಮೊದಲನೆಯದು 1954ರ ಡಿಸೆಂಬರ್ 24ರಂದು ನ್ಯೂಜೆರ್ಸಿಯಲ್ಲಿ ಮುದ್ರಿಸಿದ ‘ಬ್ಯಾಗ್ಸ್ ಗ್ರೂವ್’, ಹನ್ನೊಂದು ನಿಮಿಷದ್ದು. ಮೈಲ್ಸ್ ಡೇವಿಸ್ ತಾವು ನುಡಿಸುವಾಗ ಹಿಂದೆ ಪಿಯಾನೊ ಬೇಡವೆಂದು ಮಂಕ್ ಅವರಿಗೆ ಹೇಳಿದ್ದರು. ಮಂಕ್ ಕೈ ಕಟ್ಟಿ ಕೂತಿದ್ದಾರೆ. ಹಾಗಾಗಿ ಟ್ರಂಪೆಟ್ಟಿನ ಕೆಳಗೆ ಉಳಿದಿರುವುದು ಪರ್ಸಿ ಹೀತ್ ಅವರ ಬಾಸು ಮತ್ತು ಕ್ಲಾರ್ಕ್ ಅವರ ಸಿಂಬಲ್. ಒಮ್ಮೆ ಟ್ರಂಪೆಟ್ಟನ್ನು ಅದರ ಪಾಡಿಗೆ ಬಿಟ್ಟು ಬರೀ ಕಂಚನ್ನು ಹಿಂಬಾಲಿಸಿ. ಬಾಸಿನ ಪ್ರತಿ ಸ್ವರಕ್ಕೆ ಅದು ಎಷ್ಟು ಹತ್ತಿರ ಬೀಳುತ್ತದೆ, ಎಡಗೈ ಎಷ್ಟು ಕಡಿಮೆ ಮಾತಾಡುತ್ತದೆ, ಆಡಿದಾಗ ಯಾವ ಜಾಗದಲ್ಲಿ ಆಡುತ್ತದೆ, ಗಮನಿಸಿ. ತಾಳ ಹಾಕುವ ಅಭ್ಯಾಸವಿದ್ದವರು ದಯವಿಟ್ಟು ತೊಡೆ ತಟ್ಟಬಹುದು. ಈ ಸಂಗೀತದಲ್ಲಿ ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ತಟ್ಟುವುದು ರೂಢಿ. ಆಮೇಲೆ ಪ್ರಶ್ನೆಗಳಿದ್ದರೆ ಕೇಳಿ. ಮೃದಂಗದವರ ಪ್ರಶ್ನೆಗಳಿಗೆ ನಾನು ಸ್ವಲ್ಪ ಹೆದರಿಕೊಂಡೇ ಕಾಯುತ್ತಿದ್ದೇನೆ.